ಗಂಡಂದಿರಿಗೆ ಬರೆದ ವಚನಗಳನ್ನೂ ಓದಿ: ಕೊಡಗಿನ ಸಭಾಪಾಲಕರಿಗೂ ಧರ್ಮಗುರುಗಳಿಗೂ ಬಹಿರಂಗ ಪತ್ರ

ಇವರಿಗೆ,
ಕೊಡಗು ಜಿಲ್ಲೆಯ ಎಲ್ಲ ಸಭಾಪಾಲಕರು, ಧರ್ಮಗುರುಗಳು, ಪಾಸ್ಟರುಗಳು, ಉಪದೇಶಿಗಳು ಹಾಗೂ ಚರ್ಚ್ ಕಮಿಟಿಗಳ ಹಿರಿಯರಿಗೆ

ಮಾನ್ಯರೇ,

ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ಮಡಿಕೇರಿ, ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯ ಬೇರೆ ಬೇರೆ ಸಭೆಗಳಲ್ಲಿ ಬೈಬಲ್ ಪಾಠ ಹೇಳುವವರು, ಮದುವೆ ಪೂರ್ವ ತರಗತಿಗಳಿಗೆ ನೆರವಾಗುವವರು, ಮನೆಯ ಜಗಳ ಚರ್ಚಿನ ಮೆಟ್ಟಿಲು ಹತ್ತಿದಾಗ ಜೊತೆಗೆ ಕೂರಲು ಹೋಗುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ದೂರು ಒಂದೇ. ಗಂಡ ತನ್ನ ಹೆಂಡತಿಯನ್ನು ಹೇಗೆ ಕಾಪಾಡಬೇಕು, ಹೇಗೆ ಮಾನ ಕೊಡಬೇಕು ಎಂದು ದೇವರ ವಾಕ್ಯ ಬಿಡಿಸಿ ಹೇಳಿದೆ. ನಮ್ಮ ಪ್ರಸಂಗಪೀಠಗಳಲ್ಲಿ ಆ ಮಾತು ಅರ್ಧಕ್ಕೆ ನಿಲ್ಲುತ್ತಿದೆ. ಆ ಅರ್ಧ ಮಾತನ್ನೇ ದೇವರ ಚಿತ್ತವೆಂದು ನಂಬಿ ಹೆಂಗಸರು ಪೆಟ್ಟು ತಿಂದ ಮನೆಗೇ ವಾಪಸು ಹೋಗುತ್ತಿದ್ದಾರೆ.

ಮದುವೆಯ ಆರಾಧನೆಯಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಓದುವುದು ವಾಡಿಕೆ. ಓದುವಾಗ ಪೂರ್ತಿ ಓದುತ್ತೇವೆ, ಪ್ರಸಂಗ ಮಾತ್ರ ಹೆಂಡತಿ ಅಧೀನಳಾಗಿರಬೇಕು ಎಂಬಲ್ಲಿ ನಿಂತುಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಹೆಂಡತಿಗೆ ಹೇಳಿದ್ದು 22ರಿಂದ 24ರವರೆಗೆ, ಮೂರು ವಚನ. ಗಂಡನಿಗೆ ಹೇಳಿದ್ದು 25ರಿಂದ 32ರವರೆಗೆ, ಎಂಟು ವಚನ. 33ನೆಯದು ಇಬ್ಬರಿಗೂ ಸೇರಿದ್ದು. ಇವೆಲ್ಲಕ್ಕೂ ಮುಂಚೆ 21ನೇ ವಚನದಲ್ಲಿ, ಕ್ರಿಸ್ತನ ಭಯದಿಂದ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಇಡೀ ಸಭೆಗೇ ಹೇಳಿದೆ. ಕ್ರಿಸ್ತನು ಸಭೆಯನ್ನು ಪ್ರೀತಿಸಿ ಅದಕ್ಕಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕು. ತನ್ನ ಸ್ವಂತ ಶರೀರವನ್ನು ಪೋಷಿಸಿ ಸಂರಕ್ಷಿಸುವ ಹಾಗೆ ಅವಳನ್ನು ನೋಡಿಕೊಳ್ಳಬೇಕು. ಗಂಡನೇ ಶಿರಸ್ಸು ಎಂಬ 23ನೇ ವಚನ ಹಿಡಿದು ಅಧಿಕಾರ ಕೇಳುವ ಗಂಡಸಿಗೆ, ಕ್ರಿಸ್ತನೆಂಬ ಶಿರಸ್ಸಿನ ಮೇಲೆ ಇದ್ದದ್ದು ಮುಳ್ಳಿನ ಕಿರೀಟ ಎಂದು ಅದೇ ಪೀಠದಿಂದ ಹೇಳುವವರು ಬೇಕು.

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲೂ ಇದೇ ಆಗುತ್ತದೆ. 3ನೇ ಅಧ್ಯಾಯದ 18ನೇ ವಚನ ಎಲ್ಲರಿಗೂ ಬಾಯಿಪಾಠ. ಹೆಂಡತಿಗೆ ನಿಷ್ಠುರವಾಗಿರಬೇಡಿರೆಂದು ಗಂಡನಿಗೆ ಹೇಳುವ 19ನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ದುರ್ಬಳಕೆ ಆಗುವುದು ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯ. ಅದರ ಮೊದಲ ಆರು ವಚನಗಳು ಹೆಂಡತಿಯರಿಗೆ. ಅವುಗಳಲ್ಲಿ ಮೊದಲನೆಯದು ವಾಕ್ಯಕ್ಕೆ ಕಿವಿಗೊಡದ ಗಂಡಂದಿರಿರುವ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು: ಬಾಯಿಮಾತಿಗಿಂತ ಒಳ್ಳೆಯ ನಡತೆಯಿಂದ ಗಂಡನನ್ನು ಗೆಲ್ಲಬಹುದು ಎಂಬ ಭರವಸೆ. ಭಾನುವಾರ ಮೊದಲ ಬೆಂಚಿನಲ್ಲಿ ಕೂತು ಕೀರ್ತನೆ ಹಾಡಿ, ರಾತ್ರಿ ಮನೆಯಲ್ಲಿ ಬೆಲ್ಟು ಬಿಚ್ಚುವ ಗಂಡನ ಏಟು ಸಹಿಸಿಕೊಳ್ಳಲು ಈ ವಚನವನ್ನು ಔಷಧದ ಹಾಗೆ ಕೊಡುವುದು ದೊಡ್ಡ ತಪ್ಪು. ಅಂಥ ಗಂಡನಿಗೆಂದೇ 7ನೇ ವಚನ ಇದೆ. ಹೆಂಡತಿಯೊಂದಿಗೆ ವಿವೇಕದಿಂದ ಬಾಳಬೇಕು, ಜೀವವರದಲ್ಲಿ ಅವಳು ಸಮಪಾಲುಗಾರಳೆಂದು ತಿಳಿದು ಮಾನ ಸಲ್ಲಿಸಬೇಕು, ಆಗ ಅವನ ಪ್ರಾರ್ಥನೆಗೆ ಅಡ್ಡಿಯಾಗದು ಎನ್ನುತ್ತದೆ ಅದು. ಹೆಂಡತಿಗೆ ಮಾನ ಕೊಡದವನ ಪ್ರಾರ್ಥನೆಗೆ ಅಡ್ಡಿ ಇದೆ ಎಂದು ಅಪೊಸ್ತಲನೇ ಹೇಳಿರುವಾಗ, ಅದೇ ಗಂಡಸಿನ ಕೈಗೆ ಕಾಣಿಕೆ ತಟ್ಟೆ ಕೊಡುತ್ತೇವೆ, ಕುಟುಂಬ ಪ್ರಾರ್ಥನಾ ಕೂಟ ನಡೆಸಲು ಬಿಡುತ್ತೇವೆ. ಇದು ಹೇಗೆ ಸರಿ?

ಆರನೇ ವಚನದಲ್ಲಿ ಸಾರಾ ಅಬ್ರಹಾಮನಿಗೆ ವಿಧೇಯಳಾಗಿದ್ದಳು ಎಂದಿದೆ. ಅದನ್ನು ಉದಾಹರಿಸುವವರು ಆದಿಕಾಂಡ 21:12ನ್ನೂ ಜೊತೆಗೆ ಓದಬೇಕೆಂದು ಕೇಳುತ್ತೇವೆ. ಸಾರಾ ಹೇಳಿದ ಹಾಗೆ ಕೇಳು ಎಂದು ದೇವರೇ ಅಬ್ರಹಾಮನಿಗೆ ಹೇಳಿದ ಜಾಗ ಅದು. ಅಬ್ರಹಾಮ ಹೆಂಡತಿಯನ್ನು ಕಾಪಾಡದೆ ಬಿಟ್ಟದ್ದನ್ನೂ ಬೈಬಲ್ ಮುಚ್ಚಿಟ್ಟಿಲ್ಲ. 12ನೇ ಅಧ್ಯಾಯದಲ್ಲಿ ಬರಗಾಲಕ್ಕೆ ಐಗುಪ್ತಕ್ಕೆ ಇಳಿದಾಗ, ತನ್ನ ಜೀವ ಉಳಿಯಲಿ ಎಂದು ಅವಳನ್ನು ತಂಗಿ ಅನ್ನಿಸಿದ. ಅವಳು ಫರೋಹನ ಅರಮನೆ ಸೇರಬೇಕಾಯಿತು, ಇವನಿಗೆ ಕುರಿ, ದನ, ಕತ್ತೆ, ಒಂಟೆ ಬಂದವು. 20ನೇ ಅಧ್ಯಾಯದಲ್ಲಿ ಗೆರಾರಿನಲ್ಲಿ ಮತ್ತೆ ಅದನ್ನೇ ಮಾಡಿದ. ಎರಡು ಸಲವೂ ಅವಳನ್ನು ಕಾಪಾಡಿದವನು ದೇವರು. ಗಂಡನನ್ನು ಎದುರಿಗೆ ನಿಲ್ಲಿಸಿ ಕೇಳಿದವರು ಅನ್ಯಜನಾಂಗದ ಅರಸರು. ಗೆರಾರಿನ ಅರಸ ಅಬೀಮೆಲೆಕ ಸಾವಿರ ಬೆಳ್ಳಿ ನಾಣ್ಯ ಕೊಟ್ಟು, ಇದರಿಂದ ನಿನ್ನ ಮಾನ ಎಲ್ಲರ ಮುಂದೆ ಉಳಿಯಲಿ ಎಂದು ಸಾರಾಳಿಗೇ ನೇರವಾಗಿ ಹೇಳಿದ. ಅಪ್ಪನ ತಪ್ಪನ್ನು 26ನೇ ಅಧ್ಯಾಯದಲ್ಲಿ ಮಗ ಇಸಾಕನೂ ಮಾಡಿದ. ಮನೆಯಲ್ಲಿ ಕಂಡದ್ದನ್ನು ಗಂಡುಮಕ್ಕಳು ಕಲಿಯುತ್ತಾರೆ ಎಂಬ ಪಾಠಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಯುವಕರ ಕೂಟದಲ್ಲಿ ಈ ಮೂರು ಅಧ್ಯಾಯಗಳನ್ನು ಒಂದೇ ದಿನ ಒಟ್ಟಿಗೆ ಓದಿಸಿ. ಅಬ್ರಹಾಮ ವಿಶ್ವಾಸಿಗಳ ತಂದೆ ಎಂಬುದಕ್ಕೆ ಅದರಿಂದ ಕುಂದೇನೂ ಬರುವುದಿಲ್ಲ.

ನ್ಯಾಯಸ್ಥಾಪಕರ ಪುಸ್ತಕದ 19ನೇ ಅಧ್ಯಾಯವಂತೂ ಓದಲು ಸಂಕಟ. ಬಾಗಿಲು ಬಡಿಯುವ ಗುಂಪಿನಿಂದ ತಾನು ಉಳಿಯಲು ದೇವರ ಸೇವೆಗೆ ಮೀಸಲಾದ ಕುಲದ ಲೇವಿಯನೊಬ್ಬ ತನ್ನ ಜೊತೆಗಿದ್ದ ಹೆಣ್ಣನ್ನೇ ಹಿಡಿದು ಹೊರಗೆ ದೂಡಿದ. ಬೆಳಿಗ್ಗೆ ಅವಳು ಹೊಸ್ತಿಲ ಮೇಲೆ ಕೈಯಿಟ್ಟು ಬಿದ್ದಿದ್ದಳು. ಈ ಅಧ್ಯಾಯದ ಮೇಲೆ ನಮ್ಮ ಜಿಲ್ಲೆಯಲ್ಲಿ ಪ್ರಸಂಗ ಕೇಳಿದವರನ್ನು ನಾವು ಇನ್ನೂ ಕಂಡಿಲ್ಲ.

ಕಾಪಾಡುವುದು ಎಂದರೆ ಏನು ಎಂದು ತೋರಿಸಲು ರೂತಳ ಪುಸ್ತಕದಲ್ಲಿರುವ ಬೋವಜನ ಕಥೆಯಷ್ಟು ಹತ್ತಿರದ್ದು ನಮ್ಮ ಜನಕ್ಕೆ ಬೇರೊಂದಿಲ್ಲ. ರೂತ್ ಪರದೇಶದ ವಿಧವೆ, ಇನ್ನೊಬ್ಬರ ಹೊಲದಲ್ಲಿ ಹಕ್ಕಲು ಆಯುವ ಕೂಲಿ ಹೆಂಗಸು. ನಮ್ಮ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯಲು ಬರುವ ಹೆಂಗಸರು, ಮರದ ಕೆಳಗೆ ಉದುರಿದ ಹಣ್ಣು ಆರಿಸುವ ಅಜ್ಜಿಯರು ಅವಳನ್ನು ಕಂಡಕೂಡಲೇ ಗುರುತಿಸುತ್ತಾರೆ. ಬೋವಜ ಆಗ ಅವಳ ಗಂಡನಾಗಿರಲಿಲ್ಲ. ಆದರೂ 2ನೇ ಅಧ್ಯಾಯದಲ್ಲಿ ಅವನು ಮಾಡಿದ್ದನ್ನು ಗಮನಿಸಿ. ಅವಳನ್ನು ಮುಟ್ಟಬಾರದೆಂದು ಆಳುಗಳಿಗೆ ಆಜ್ಞೆ ಮಾಡಿದ. ಬಾಯಾರಿದರೆ ಆಳುಗಳು ತಂದಿಟ್ಟ ನೀರನ್ನೇ ಕುಡಿ ಎಂದ. ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ಕೂರಿಸಿ ಕೈಯಾರೆ ಹುರಿಗಾಳು ಕೊಟ್ಟ. ಕಂತೆಗಳಿಂದ ಒಂದಿಷ್ಟು ತೆನೆ ಬೇಕೆಂದೇ ಬಿಡಿ, ಅವಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ. ಹೊಲ ಬಿಟ್ಟು ಹೋಗಬೇಡ ಎಂದು ಅವಳಿಗೆ ಹೇಳಿದ್ದು ಅವಳ ಕ್ಷೇಮಕ್ಕೆ. ಕೆಲಸಕ್ಕೇ ಬರಬೇಡ, ಮನೆಯಲ್ಲೇ ಇರು ಎಂದು ಕಟ್ಟಿಹಾಕಲಿಲ್ಲ. ಬೋವಜ ಅಂಕೆಗೆ ತಂದದ್ದು ತನ್ನ ಕೈಕೆಳಗಿನ ಗಂಡಸರನ್ನು. 3ನೇ ಅಧ್ಯಾಯದಲ್ಲಿ, ಕಣಕ್ಕೆ ಹೆಂಗಸು ಬಂದಿದ್ದಳು ಎಂಬ ಮಾತು ಯಾರ ಕಿವಿಗೂ ಬೀಳದಿರಲಿ ಎಂದು ಅವಳ ಹೆಸರನ್ನೂ ಕಾಪಾಡಿದ.

ನಮ್ಮ ಕಡೆ ಕಾಪಾಡುತ್ತೇನೆ ಎನ್ನುವ ಬಹಳ ಗಂಡಂದಿರು ಮಾಡುವುದು ಇದಕ್ಕೆ ತಿರುಗಾಮುರುಗಾ. ಹೆಂಡತಿಯ ಫೋನು ಕಿತ್ತಿಟ್ಟುಕೊಳ್ಳುತ್ತಾರೆ. ತವರಿಗೆ ಹೋಗಲು ಬಿಡುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ ಜೊತೆ ಎರಡು ಮಾತಾಡಿದರೆ ಅನುಮಾನ. ಅನುಮಾನದ ಗಂಡಸಿಗೆ ಮತ್ತಾಯ 1:19 ಓದಿಸಿ. ಮದುವೆ ನಿಶ್ಚಯವಾದ ಮರಿಯ ಗರ್ಭಿಣಿ ಎಂದು ತಿಳಿದಾಗ ದೂತ ಇನ್ನೂ ಬಂದಿರಲಿಲ್ಲ, ಯೋಸೇಫನಿಗೆ ಸತ್ಯ ಗೊತ್ತಿರಲಿಲ್ಲ. ಆಗಲೂ ಅವಳನ್ನು ನಾಲ್ಕು ಜನರ ಮುಂದೆ ಅವಮಾನ ಮಾಡಬಾರದೆಂದು ನಿಶ್ಚಯಿಸಿದ. ಅದಕ್ಕೇ ಅವನನ್ನು ನೀತಿವಂತ ಎಂದು ಬರೆದಿದೆ. ಮುಂದೆ 2ನೇ ಅಧ್ಯಾಯದಲ್ಲಿ ಅರಸ ಹೆರೋದ ಮಗುವನ್ನು ಕೊಲ್ಲಲು ಹುಡುಕುವ ಸುದ್ದಿ ಬಂದಾಗ ಬೆಳಗಾಗಲಿ ಎನ್ನದೆ ರಾತ್ರಿಯಲ್ಲೇ ಎದ್ದು ತಾಯಿ ಮಗುವನ್ನು ಕರೆದುಕೊಂಡು ಹೊರಟ.

ಸಂಪಾದನೆಯ ವಿಷಯ ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. ತನ್ನ ಮನೆಯವರನ್ನು ಸಾಕದವನು ನಂಬದವನಿಗಿಂತ ಕಡೆ ಎಂದು 1 ತಿಮೊಥೆ 5:8 ಹೇಳುತ್ತದೆ. ಬಟವಾಡೆ ದುಡ್ಡು ಸಂತೆಗೆ ಮುಟ್ಟುವ ಮೊದಲೇ ಹೆಂಡದಂಗಡಿಯಲ್ಲಿ ಕರಗಿದರೆ ಈ ವಚನ ಅಲ್ಲಿಗೇ ಅನ್ವಯಿಸುತ್ತದೆ. ಹೆಂಡತಿಯ ಕೂಲಿ ಅವಳ ಖಾತೆಗೆ ಬೀಳುತ್ತದೆ, ಎಟಿಎಂ ಕಾರ್ಡು ಮಾತ್ರ ಗಂಡನ ಜೇಬಿನಲ್ಲಿ. ಜ್ಞಾನೋಕ್ತಿ 31ನ್ನು ಮಹಿಳಾ ಭಾನುವಾರ ಹಾಡಿ ಹೊಗಳುತ್ತೇವೆ. ಅಲ್ಲಿಯ ಗುಣವತಿ 16ನೇ ವಚನದಲ್ಲಿ ತಾನೇ ಹೊಲ ನೋಡಿ ಕೊಂಡುಕೊಳ್ಳುತ್ತಾಳೆ, 31ನೇ ವಚನ ಅವಳ ಕೈಕೆಲಸದ ಫಲ ಅವಳಿಗೇ ಸಲ್ಲಲಿ ಎನ್ನುತ್ತದೆ. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನಿ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಹೆಂಡತಿಯ ಹೆಸರು ಕೊಡಬೇಕು ಎಂಬುದನ್ನು ಮದುವೆ ಪೂರ್ವ ತರಗತಿಯಲ್ಲೇ ಹೇಳಿಬಿಟ್ಟರೆ ಮುಂದೆ ಎಷ್ಟೋ ವಿಧವೆಯರ ಅಲೆದಾಟ ತಪ್ಪುತ್ತದೆ.

ಹಾಸಿಗೆಯ ವಿಷಯ ಮಾತಾಡಲು ಎಲ್ಲರಿಗೂ ಸಂಕೋಚ. ಆದರೆ ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಎಂದು 1 ಕೊರಿಂಥ 7:4ನ್ನು ಉಪಯೋಗಿಸುವವರಿದ್ದಾರೆ. ಅದೇ ವಚನದ ಎರಡನೇ ಅರ್ಧ, ಗಂಡನ ದೇಹದ ಮೇಲೆ ಹೆಂಡತಿಗೆ ಅಧಿಕಾರ ಎನ್ನುತ್ತದೆ. ಐದನೆಯದು ಇಬ್ಬರ ಒಪ್ಪಿಗೆಯ ಮಾತಾಡುತ್ತದೆ. ಬಲವಂತಕ್ಕೆ ಅಲ್ಲಿ ಜಾಗವಿಲ್ಲ ಎಂದು ಗಂಡಸರ ಕೂಟದಲ್ಲಿ ಬಿಚ್ಚಿ ಹೇಳಿ.

ಮಲಾಕಿ 2:16ಕ್ಕೂ ಇದೇ ಗತಿಯಾಗಿದೆ. ದೇವರು ವಿಚ್ಛೇದನವನ್ನು ದ್ವೇಷಿಸುತ್ತಾನೆ ಎಂದು ಬಿಟ್ಟುಹೋಗಲು ಬಯಸುವ ಹೆಂಗಸಿಗೆ ಹೇಳುತ್ತೇವೆ. ಅದೇ ವಚನದಲ್ಲಿ ಹಿಂಸೆಯ ಮಾತೂ ಇದೆ. ಅದಕ್ಕೂ ಹಿಂದಿನ 13 ಮತ್ತು 14ನೇ ವಚನಗಳಲ್ಲಿ, ಯಜ್ಞವೇದಿ ಕಣ್ಣೀರಿನಿಂದ ತುಂಬಿದ್ದರೂ ಕಾಣಿಕೆ ಸ್ವೀಕಾರವಾಗದ್ದಕ್ಕೆ ಕಾರಣ ಕೊಟ್ಟಿದೆ: ಯೌವನದಲ್ಲಿ ಕೈಹಿಡಿದ ಹೆಂಡತಿಗೆ ನೀನು ದ್ರೋಹ ಮಾಡಿದೆ, ಅದಕ್ಕೆ ಕರ್ತನೇ ಸಾಕ್ಷಿ. ಇಡೀ ಭಾಗ ಗಂಡನನ್ನು ಗದರಿಸಲು ಬರೆದದ್ದು. ಅದನ್ನು ಹೆಂಡತಿಯ ಬಾಯಿ ಮುಚ್ಚಿಸಲು ಬಳಸುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನು ದೂರು ಬಂದಾಗ ಚರ್ಚಿನಲ್ಲಿ ನಡೆಯುವುದನ್ನು ಹೇಳಬೇಕು. ಹೆಂಗಸೊಬ್ಬಳು ಧೈರ್ಯ ಮಾಡಿ ಬಂದು ಹೇಳಿಕೊಳ್ಳುತ್ತಾಳೆ. ಸಂಜೆಗೆ ಗಂಡನಿಗೆ ಹೇಳಿಕಳಿಸುತ್ತಾರೆ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಏನಮ್ಮಾ ನಿನ್ನ ಕಷ್ಟ ಹೇಳು ಎನ್ನುತ್ತಾರೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಗಂಡನ ಮುಖ ನೋಡಿ, ಏನಿಲ್ಲ ಅಯ್ಯನವರೇ, ಎನ್ನುತ್ತಾಳೆ. ಗಂಡ ಬೈಬಲ್ ಮೇಲೆ ಕೈಯಿಟ್ಟು ಇನ್ನು ಕುಡಿಯುವುದಿಲ್ಲ, ಹೊಡೆಯುವುದಿಲ್ಲ ಎಂದು ಆಣೆ ಇಡುತ್ತಾನೆ. ಆಣೆಯೇ ಇಡಬೇಡಿರೆಂದು ಮತ್ತಾಯ 5:34ರಲ್ಲಿ ಕರ್ತನೇ ಹೇಳಿದ್ದಾನೆ. ಪ್ರಾರ್ಥನೆ ಮಾಡಿ, ಹೊಂದಿಕೊಂಡು ಹೋಗಿ ಎಂದು ಕಳಿಸುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹಿರಿಯರೊಬ್ಬರು ನೆನಪಿಸುತ್ತಾರೆ. ಹೊರಗೆ ಹೋಗಿ ಹೇಳಿದ್ದಕ್ಕೆ ಅವತ್ತು ರಾತ್ರಿ ಅವಳಿಗೆ ಬೇರೆಯೇ ಶಿಕ್ಷೆ. ಇನ್ನೊಮ್ಮೆ ಅವಳು ಚರ್ಚಿಗೆ ಬರುವುದಿಲ್ಲ, ನಾವು ಸಮಸ್ಯೆ ಬಗೆಹರಿಯಿತು ಎಂದುಕೊಳ್ಳುತ್ತೇವೆ.

ಮತ್ತಾಯ 18:15ರಂತೆ ಮೊದಲು ನೀನೊಬ್ಬಳೇ ಹೋಗಿ ಅವನ ತಪ್ಪು ತಿಳಿಸು ಎಂದು ಹೇಳಿಕಳಿಸುವುದೂ ಉಂಟು. ಕೈ ಎತ್ತುವವನ ಎದುರಿಗೆ ಪೆಟ್ಟು ತಿಂದವಳನ್ನು ಒಂಟಿಯಾಗಿ ನಿಲ್ಲಿಸಲು ಆ ವಚನ ಬರೆದಿಲ್ಲ. ಮೂರ್ಖ ಗಂಡ ನಾಬಾಲನಿಗೆ ತಿಳಿಸದೆ ಕತ್ತೆಗಳ ಮೇಲೆ ರೊಟ್ಟಿ, ದ್ರಾಕ್ಷಾರಸ ಹೇರಿಕೊಂಡು ಹೋಗಿ, ಸೇಡಿಗೆ ಬರುತ್ತಿದ್ದ ದಾವೀದನನ್ನು ತಡೆದ ಅಬೀಗೈಲಳನ್ನು 1 ಸಮುವೇಲ 25 ಹೊಗಳುತ್ತದೆ. ಮನೆಯ ಜೀವ ಉಳಿಸಲು ಹೊರಗಿನ ಸಹಾಯ ಹುಡುಕುವ ಹೆಂಗಸು ಅವಿಧೇಯಳಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಅವಳೊಬ್ಬಳ ಮಾತನ್ನೇ ಕೇಳಿ. ಹತ್ತಿರ ನಂಬಿಕಸ್ಥ ಹೆಂಗಸೊಬ್ಬಳು ಇರಲಿ. ಅವಳು ಹೇಳಿದ ಒಂದು ಮಾತೂ ಅವಳ ಒಪ್ಪಿಗೆಯಿಲ್ಲದೆ ಗಂಡನಿಗಾಗಲಿ, ಅತ್ತೆಗಾಗಲಿ, ಕಮಿಟಿಗಾಗಲಿ ಹೋಗಬಾರದು. ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಧರ್ಮಗುರುಗಳು ಅದನ್ನು ಹೊರಗೆ ಬಳಸುವ ಹಾಗಿಲ್ಲ. ಹಾಗಾಗಿ ಅಲ್ಲಿಂದ ಎದ್ದ ಮೇಲೆ ಹೊರಗೆ ಬಂದು ಇನ್ನೊಮ್ಮೆ ಹೇಳಮ್ಮಾ ಎಂದು ಅಲ್ಲೇ ತಿಳಿಸಿ. ಆಮೇಲೆ ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಹೊಡೆತ ಈಚೆಗೆ ಹೆಚ್ಚಾಗಿದೆಯೇ? ಕೊಲ್ಲುತ್ತೇನೆ ಎಂದಿದ್ದಾನೆಯೇ? ಮನೆಯಲ್ಲಿ ಕೋವಿ ಇದೆಯೇ, ಕತ್ತಿ ಎತ್ತಿದ್ದಾನೆಯೇ? ಗರ್ಭಿಣಿಯಿದ್ದಾಗ ಹೊಡೆದಿದ್ದಾನೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಕೊನೆಯ ಪ್ರಶ್ನೆಗೆ ಹೌದು ಎಂದರೆ ಅದು ಪ್ರಾಣಾಪಾಯದ ಗುರುತು. ಹೊರಗೆ ಗಾಯ ಕಾಣದಿದ್ದರೂ ಒಳಗೆ ಬಾವು ಬಂದು ನಿಧಾನವಾಗಿ ಉಸಿರಿಗೆ ತೊಂದರೆಯಾಗಬಹುದು. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದು ಪೆಟ್ಟಾಯಿತು ಎಂದು ಬರೆಸಬೇಡಿ, ಆದದ್ದನ್ನು ಆದ ಹಾಗೆ ವೈದ್ಯರಿಗೆ ಹೇಳಿಸಿ. ಆ ಚೀಟಿಯೇ ಮುಂದೆ ಸಾಕ್ಷಿ. ಹೆಂಡತಿ ಮನೆ ಬಿಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು ಎಂಬುದೂ ನೆನಪಿರಲಿ. ಹೊರಡುವ ದಿನ, ವಾಹನ, ಹೋಗುವ ಜಾಗ ಮೂರೂ ಮೊದಲೇ ಗೊತ್ತುಮಾಡಿ, ಗುಟ್ಟಾಗಿಟ್ಟುಕೊಂಡಿರಬೇಕು.

ಕೊಡಗಿನಲ್ಲಿ ಇದು ಇನ್ನೂ ಕಷ್ಟ. ತೋಟದ ಕೂಲಿಕಾರರ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ, ರಾತ್ರಿ ಓಡಿಬಂದ ಹೆಂಗಸಿಗೆ ಮುಂದಿರುವುದು ಆನೆ ಓಡಾಡುವ ತೋಟದ ದಾರಿ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಸಂಜೆಯ ಬಸ್ಸು ತಪ್ಪಿದರೆ ಬೆಳಗಿನವರೆಗೆ ಇನ್ನೊಂದಿಲ್ಲ. ಎಷ್ಟೋ ಜನ ಕಾಫಿ ಗಿಡದ ಬುಡದಲ್ಲಿ ಮಗುವನ್ನು ಅವಚಿಕೊಂಡು ಕೂತು, ಅವನು ಮಲಗಿದ ಮೇಲೆ ಒಳಗೆ ಹೋಗುತ್ತಾರೆ. ಅದಕ್ಕೇ ಚರ್ಚಿನ ಆವರಣದಲ್ಲೋ ಹತ್ತಿರದ ಕಾನ್ವೆಂಟಿನಲ್ಲೋ ಚಿಲಕ ಭದ್ರವಿರುವ ಒಂದು ಕೋಣೆ ಬೇಕು ಎಂದು ಕೇಳುತ್ತಿದ್ದೇವೆ. ಎರಡು ಹಾಸಿಗೆ, ಚಾರ್ಜರ್, ಮಕ್ಕಳಿಗೆ ಬದಲಿ ಬಟ್ಟೆ, ಸ್ವಲ್ಪ ಅಕ್ಕಿಬೇಳೆ ಸಾಕು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದರಿಂದ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಎದ್ದು ನಿಂತಿತು. ಆಶ್ರಯ ಬೇಡಿ ಬಂದವರಿಂದಲೇ ಬೆಳೆದ ಸಭೆ ನಮ್ಮದು. ಒಂದು ಕೋಣೆ ಕೊಡಲು ನಮ್ಮಿಂದ ಆಗದೆ?

ಕಾನೂನಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಹೇಳಿದರೆ ಗಂಡ ಜೈಲಿಗೆ ಹೋಗುತ್ತಾನೆ, ಕೂಲಿ ನಿಲ್ಲುತ್ತದೆ ಎಂಬ ಭಯವೇ ಹೆಚ್ಚು ಹೆಂಗಸರನ್ನು ತಡೆಯುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005 ಮೂಲತಃ ರಕ್ಷಣೆ ಕೊಡುವ ಕಾಯ್ದೆ. ಹೊಡೆಯಬಾರದು, ಹತ್ತಿರ ಬರಬಾರದು ಎಂಬ ಆದೇಶ, ವಾಸದ ಹಕ್ಕು, ಖರ್ಚಿಗೆ ಹಣ, ಮಕ್ಕಳ ಸುಪರ್ದಿ, ಪರಿಹಾರ ಎಲ್ಲವನ್ನೂ ಮ್ಯಾಜಿಸ್ಟ್ರೇಟರಲ್ಲಿ ಒಂದೇ ಅರ್ಜಿಯಲ್ಲಿ ಕೇಳಬಹುದು. ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಘಟನಾ ವರದಿ ಬರೆದುಕೊಳ್ಳುವವರು ಅವರು. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಲೈನ್ ಮನೆ ಗಂಡನ ಹೆಸರಿನಲ್ಲಿದ್ದರೂ 17ನೇ ಸೆಕ್ಷನ್ ಪ್ರಕಾರ ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. ಸಭಾಪಾಲಕರಿಗೆ ಬಹಳ ಮುಖ್ಯವಾದದ್ದು 4ನೇ ಸೆಕ್ಷನ್: ದೌರ್ಜನ್ಯ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ. ಛಾಪಾ ಕಾಗದದ ಮೇಲೆ ಕಮಿಟಿ ಬರೆಸಿಕೊಳ್ಳುವ ರಾಜಿ ಪತ್ರಕ್ಕೆ ಈ ಆದೇಶದ ಬಲ ಇಲ್ಲ. ಜೀವಕ್ಕೆ ಅಪಾಯ ಎನಿಸಿದರೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. ವಕೀಲರಿಗೆ ದುಡ್ಡಿಲ್ಲ ಎನ್ನುವವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ, ಫೋನ್ 15100.

ಕೆಲವೊಮ್ಮೆ ಎಲ್ಲ ಸಿದ್ಧವಾಗಿ ಒಂದು ಕಾಗದಕ್ಕೆ ಕೆಲಸ ನಿಲ್ಲುತ್ತದೆ: ಮದುವೆ ಸರ್ಟಿಫಿಕೇಟು. ಅದು ಗಂಡನ ಪೆಟ್ಟಿಗೆಯಲ್ಲಿರುತ್ತದೆ, ಇಲ್ಲವೇ ಅವನು ಹರಿದುಹಾಕಿರುತ್ತಾನೆ. ಮೂಲ ರಿಜಿಸ್ಟರ್ ನಿಮ್ಮ ಬೀರುವಿನಲ್ಲೇ ಇದೆ. ಗಂಡನನ್ನು ಕರೆದುಕೊಂಡು ಬಾ, ಅವನ ಸಹಿ ಬೇಕು ಎಂದು ಹೇಳದೆ ಅವಳು ಕೇಳಿದ ದಿನವೇ ದೃಢೀಕೃತ ನಕಲು ಕೊಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಶಾಲೆ ಕಾಗದಗಳ ಜೆರಾಕ್ಸನ್ನು ಒಂದು ಲಕೋಟೆಯಲ್ಲಿ ಹಾಕಿ ಚರ್ಚಿನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಮಾಡಿದರೆ ಇನ್ನೂ ಒಳ್ಳೆಯದು.

ಕಥೋಲಿಕ ಧರ್ಮಗುರುಗಳಿಗೆ ಒಂದು ಮಾತು. ಧರ್ಮಸಭೆಯ ಕಾನೂನಿನ 1153ನೇ ಕಲಮು, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ. ತಡ ಮಾಡಿದರೆ ಅಪಾಯ ಎಂದಾದರೆ ಧರ್ಮಾಧ್ಯಕ್ಷರ ಆದೇಶಕ್ಕೂ ಕಾಯಬೇಕಿಲ್ಲ. ಮದುವೆ ಸಂಸ್ಕಾರ ಮುರಿಯಲಾಗದು, ಆದ್ದರಿಂದ ಮನೆ ಬಿಡಬೇಡ ಎಂದು ಹೇಳಿಸಿಕೊಂಡ ಎಷ್ಟು ಹೆಂಗಸರಿಗೆ ಈ ಕಲಮು ಗೊತ್ತಿದೆ? ಅದನ್ನು ತಿಳಿಸುವ ಹೊಣೆ ನಿಮ್ಮದು.

ಗಂಡನನ್ನು ಕೈಬಿಡಿ ಎಂದು ನಾವು ಹೇಳುತ್ತಿಲ್ಲ. ಅವನೂ ಸಭೆಯ ಕುರಿಯೇ. ಅವನನ್ನು ಬೇರೆಯಾಗಿ, ಬೇರೆ ದಿನ, ಇಬ್ಬರು ಗಟ್ಟಿ ಹಿರಿಯರ ಮುಂದೆ ಕೂರಿಸಿ. ಹೆಂಡತಿ ಹೇಳಿದಳು ಎನ್ನದೆ, ಊರಿಗೇ ಕಂಡದ್ದನ್ನು ಇಟ್ಟುಕೊಂಡು ಮಾತಾಡಿ. ಕುಡಿತ ಬಿಡಿಸಿದರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ನಂಬಬೇಡಿ. ಕುಡಿದಾಗಲೂ ಅವನು ಮೇಸ್ತ್ರಿಗೆ ಹೊಡೆಯುವುದಿಲ್ಲ, ಹೆಂಡತಿಗೆ ಮಾತ್ರ ಹೊಡೆಯುತ್ತಾನೆ. ಕುಡಿತಕ್ಕೆ ಚಿಕಿತ್ಸೆ ಬೇರೆ, ಕೈ ಎತ್ತುವ ಬುದ್ಧಿಗೆ ತಿದ್ದುಪಡಿ ಬೇರೆ, ಎರಡೂ ಬೇಕು. ಪಶ್ಚಾತ್ತಾಪವನ್ನು ಕಣ್ಣೀರಿನಿಂದ ಅಳೆಯಬೇಡಿ. ಎಟಿಎಂ ಕಾರ್ಡ್ ವಾಪಸು ಕೊಟ್ಟನೇ, ಅವಳು ತವರಿಗೆ ಹೋಗಿಬಂದರೆ ಸುಮ್ಮನಿದ್ದನೇ, ಅವಳು ಇನ್ನೂ ಸ್ವಲ್ಪ ದಿನ ಬೇರೆ ಇರುತ್ತೇನೆ ಎಂದರೆ ಒಪ್ಪಿದನೇ ಎಂದು ನೋಡಿ. ಸುಂಕ ವಸೂಲಿಯ ಜಕ್ಕಾಯ ತಪ್ಪೊಪ್ಪಿಕೊಂಡಾಗ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಅಲ್ಲಿಯವರೆಗೆ ಅಂಥವನಿಗೆ ಕಮಿಟಿಯಲ್ಲಿ ಜಾಗ ಬೇಡ. ಕುಡುಕನೂ ಹೊಡೆದಾಡುವವನೂ ಆಗಿರಬಾರದು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕು ಎಂದು 1 ತಿಮೊಥೆ 3ರಲ್ಲಿ ಸಭಾ ಹಿರಿತನಕ್ಕೆ ಷರತ್ತು ಇದೆ. ಕಮಿಟಿ ಚುನಾವಣೆಯಲ್ಲಿ ಚಂದಾ ಬಾಕಿ ಇದೆಯೇ ಎಂದು ನೋಡುವ ನಾವು ಈ ಷರತ್ತನ್ನೂ ನೋಡಬೇಕು. ಆ ಮನುಷ್ಯ ದೊಡ್ಡ ದಾನಿಯಾಗಿದ್ದರೂ, ತೋಟದ ಧಣಿಯಾಗಿದ್ದರೂ ಸರಿ. ಲೈನ್ ಮನೆಗಳಲ್ಲಿ ಮಾತ್ರ ಇದೆಲ್ಲ ನಡೆಯುತ್ತದೆ ಎಂಬ ಭ್ರಮೆ ನಮಗಿಲ್ಲ, ಬಂಗಲೆಯ ಬಾಗಿಲು ದಪ್ಪ ಅಷ್ಟೇ.

ನಮ್ಮ ಬೇಡಿಕೆಗಳನ್ನು ಮೇಲೆಯೇ ಹೇಳಿದ್ದೇವೆ, ಉಳಿದದ್ದು ಎರಡು. ಮದುವೆ ಪೂರ್ವ ತರಗತಿಯಲ್ಲಿ ಗಂಡಿಗೆಂದೇ ಪ್ರತ್ಯೇಕವಾಗಿ ಎರಡು ಗಂಟೆಯ ಪಾಠ ಇರಲಿ. ಎಫೆಸ 5:25ರಿಂದ 33, 1 ಪೇತ್ರ 3:7, ರೂತ್ 2, ಮಲಾಕಿ 2, ಜೊತೆಗೆ ದುಡ್ಡು, ನಾಮಿನಿ, ಕಾಯ್ದೆ ಎಲ್ಲವೂ ಅದರಲ್ಲಿ ಸೇರಲಿ. ಮದುವೆ ಪ್ರಕಟಣೆಯ ಮೊದಲ ಭಾನುವಾರಕ್ಕೆ ಮುಂಚೆ ಆ ಪಾಠ ಮುಗಿದಿರಬೇಕು, ಮದುವೆಯ ಹಿಂದಿನ ವಾರದ ಗಡಿಬಿಡಿಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ಎರಡನೆಯದು, 112, 181, 15100 ಮತ್ತು ತಾಲ್ಲೂಕಿನ ಸಂರಕ್ಷಣಾಧಿಕಾರಿಯ ಕಚೇರಿ ಸಂಖ್ಯೆಯನ್ನು ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಬರೆದು ಚರ್ಚಿನಲ್ಲಿ ಅಂಟಿಸಿ. ನೋಟಿಸ್ ಬೋರ್ಡಿನಲ್ಲಿ ಗಂಡನ ಎದುರು ನಿಂತು ಓದಲು ಯಾವ ಹೆಂಗಸಿಗೂ ಆಗುವುದಿಲ್ಲ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಅಂಟಿಸಿ.

ಈ ಪತ್ರವನ್ನು ನಿಮ್ಮ ಮುಂದಿನ ಕಮಿಟಿ ಸಭೆಯಲ್ಲಿ ಓದಿಸಿ, ಒಪ್ಪಿದ್ದನ್ನೂ ಒಪ್ಪದ್ದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇವೆ. ಗಂಡಂದಿರ ಪಾಠಕ್ಕೆ ಬೇಕಾದ ಟಿಪ್ಪಣಿಗಳನ್ನು ನಾವೇ ಸಿದ್ಧಪಡಿಸಿ ಕೊಡುತ್ತೇವೆ, ಕರೆದ ಕಡೆ ಬಂದು ಪಾಠ ಮಾಡುತ್ತೇವೆ, ಅದಕ್ಕೆ ಹಣ ಬೇಡ. ಹಣ್ಣು ಕೊಯ್ಲು ಶುರುವಾದರೆ ಗಂಡಸರು ಕೂಟಕ್ಕೆ ಬರುವುದಿಲ್ಲ, ಆದ್ದರಿಂದ ಮೊದಲ ಪಾಠ ಅಕ್ಟೋಬರಿನೊಳಗೆ ಆಗಬೇಕು. ದಿನ ಗೊತ್ತುಮಾಡಿ ತಿಳಿಸಿ.

ಇತಿ ತಮ್ಮ ವಿಶ್ವಾಸಿಗಳು,
ಕೊಡಗಿನ ವಿವಿಧ ಸಭೆಗಳ ಬೈಬಲ್ ಪಾಠದ ಶಿಕ್ಷಕರು ಮತ್ತು ಮದುವೆ ಪೂರ್ವ ತರಗತಿಗಳ ಸಹಾಯಕರು